ಜೋಳದ ಹೊಟ್ಟಿನ ಮೇಲೆ ತೇಲಿದ ವಿಷ

ಶಹಾಬಾದಿನಲ್ಲಿ ಪ್ಯಾಸೆಂಜರ್ ಗಾಡಿಯಿಂದ ಇಳಿದಾಗ ಬೆಳಿಗ್ಗೆ ಒಂಬತ್ತು ಗಂಟೆ. ಕಲಬುರಗಿಯಿಂದ ಹತ್ತಿರದ ದಾರಿಯೇ, ಆದರೂ ದಾರಿಯುದ್ದಕ್ಕೂ ಅಂಜಿಕೆಯಿತ್ತು. ಬ್ಯಾಕ್ಟೀರಿಯಾದ ವಿಷ ಸೊಳ್ಳೆಮರಿಗಳನ್ನು ಹೇಗೆ ಕೊಲ್ಲುತ್ತದೆ ಎಂಬುದನ್ನು ಹನ್ನೊಂದು ವರ್ಷಗಳಿಂದ ಅಭ್ಯಾಸ ಮಾಡುತ್ತಿರುವವಳು ನಾನು. ಹೊಂಡಗಳಿಗೆ ಹಾಕಲೆಂದು ಆ ವಿಷದ ಪುಡಿ ಪಡೆದಿದ್ದ ಇಲ್ಲಿನ ಆರೋಗ್ಯ ಕಾರ್ಯಕರ್ತೆ ನಾಗಮ್ಮ ಹಿಂದಿನ ದಿನ ಫೋನಿನಲ್ಲಿ, "ಪುಡಿ ಹಾಕೀವ್ರಿ ಮೇಡಂ, ಹುಳ ಸಾಯವಲ್ವು" ಎಂದಿದ್ದರು.

ಊರಾಚೆಯ ಫರಸಿಕಲ್ಲಿನ ಖಣಿಗೆ ಇಬ್ಬರೂ ನಡೆದೆವು. ಕಲ್ಲು ತೆಗೆದ ಆಳದ ಹೊಂಡಗಳಲ್ಲಿ ಮಳೆನೀರು ತಿಳಿಯಾಗಿ ನಿಂತಿತ್ತು. ಅಂಚಿಗೆಲ್ಲ ಮಲೇರಿಯಾ ಸೊಳ್ಳೆಯ ಮರಿಗಳು.

"ಯಾಕ ಸಾಯವಲ್ವು ಹೇಳ್ರಿ" ಎಂದರು ನಾಗಮ್ಮ.

ನನ್ನ ಅಂಜಿಕೆಯನ್ನು ಬಿಡಿಸಿ ಹೇಳಿದೆ. ಮರಿ ನುಂಗಿದ ವಿಷ ಅದರ ಕರುಳಿನಲ್ಲಿ ಕರಗುತ್ತದೆ. ಕರುಳಿನ ಗೋಡೆಯ ಮೇಲೆ ಆ ವಿಷವನ್ನು ಹಿಡಿದುಕೊಳ್ಳುವ ಪ್ರೋಟೀನುಗಳಿವೆ, ಅವನ್ನು ಗ್ರಾಹಕ ಎನ್ನುತ್ತೇವೆ. ವಿಷ ಅಲ್ಲಿ ಅಂಟಿದರೆ ಗೋಡೆ ತೂತಾಗಿ ಮರಿ ಸಾಯುತ್ತದೆ. ಗ್ರಾಹಕವೇ ಬದಲಾಗಿದ್ದರೆ ಈ ಪುಡಿ ಇನ್ನು ಕೆಲಸಕ್ಕೆ ಬಾರದು.

ನಾಗಮ್ಮನ ಮನೆಯಲ್ಲಿ ಆರು ಲೋಟಗಳಲ್ಲಿ ಮರಿಗಳನ್ನಿಟ್ಟು, ಮೂರಕ್ಕೆ ಪುಡಿ ಕಲಕಿದೆ. ಮರುದಿನ ಬೆಳಿಗ್ಗೆ ಆ ಮೂರರಲ್ಲಿ ಒಂದು ಮರಿಯೂ ಉಳಿದಿರಲಿಲ್ಲ. ಗ್ರಾಹಕ ಸರಿಯಾಗಿಯೇ ಇತ್ತು! ಹಾಗಿದ್ದರೆ ಹೊಂಡದಲ್ಲೇಕೆ ಬದುಕಿವೆ?

ರೊಟ್ಟಿಗೆ ಶೇಂಗಾ ಹಿಂಡಿಯ ಚಟ್ನಿ ಬಡಿಸುತ್ತ ನಾಗಮ್ಮ ಹೇಳಿದರು: "ಈ ಹುಳ ನೀರಿನ ಮ್ಯಾಲ ಅಡ್ಡ ಮಲ್ಕೊಂಡು ತಿಂತಾವ್ರಿ. ಲೋಟದಾಗ ನೀವು ಕಲಕಿದ್ರಿ, ಹೊಂಡದಾಗ ಪುಡಿ ತಳಕ್ಕ ಹೋಗಿ ಕುಂದರ್ತದ. ಬಾಯಿಗೇ ಹೋಗಲಿಲ್ಲಂದ್ರ ಕರುಳಿಗೆ ಹ್ಯಾಂಗ ಅಂಟ್ತದ್ರಿ?"

ತುತ್ತು ಕೈಯಲ್ಲೇ ಉಳಿಯಿತು. ನಾನು ಕರುಳಿನಿಂದ ಯೋಚಿಸಲು ಶುರುಮಾಡಿದ್ದೆ, ಅವರು ಬಾಯಿಂದ.

ಪುಡಿಯನ್ನು ಒದ್ದೆ ಮಾಡಿ ಜೋಳದ ಹೊಟ್ಟಿಗೆ ಕಲಸಿ ಒಂದು ಹೊಂಡದ ಅಂಚಿಗೆ ಅವರೇ ಎರಚಿದರು. "ಹೊಟ್ಟು ತೇಲ್ತದಲ್ರಿ." ಪಕ್ಕದ ಹೊಂಡಕ್ಕೆ ಬರೀ ಪುಡಿ ಹಾಕಿದೆವು. ಮೂರನೆಯ ದಿನ ಬಿಳಿ ಸೌಟಿನಿಂದ ನೀರು ಮೊಗೆದು ನೋಡಿದೆವು. ಪಕ್ಕದ ಹೊಂಡದಲ್ಲಿ ಮರಿಗಳು ಮೊದಲಿನಂತೆಯೇ ಹೊರಳಾಡುತ್ತಿದ್ದವು. ಹೊಟ್ಟು ಹಾಕಿದಲ್ಲಿ ಎಷ್ಟು ಮೊಗೆದರೂ ಸತ್ತ ಮರಿಗಳೇ. ನಾಗಮ್ಮನ ಕೈ ಹಿಡಿದುಕೊಂಡೆ.

ಮರುದಿನ ಚಿಂಚೋಳಿಯಲ್ಲಿ ಆರೋಗ್ಯ ಕಾರ್ಯಕರ್ತೆಯರ ಸಭೆ, ನನ್ನದೇ ಭಾಷಣ. ನಾಗಮ್ಮನನ್ನೂ ಹೊರಡಿಸಿದೆ. ವಾಡಿಯಲ್ಲಿ ಗಾಡಿ ಬದಲಿಸಿ, ಚಿತ್ತಾಪುರ ದಾಟಿ ಸೇಡಂನಲ್ಲಿ ಇಳಿದು, ಬಿಸಿ ಮಿರ್ಚಿಭಜಿ ತಿಂದು ಬಸ್ಸು ಹತ್ತಿದೆವು. ಸುಲೇಪೇಟ ಬರುವಾಗ, "ಇವತ್ತು ನೀವೇ ಮಾತಾಡಬೇಕು" ಎಂದೆ.

"ಅಯ್ಯ, ನಾ ಹತ್ತನೇತ್ತ ಓದಿದಾಕಿ ರೀ!"

ಆದರೂ ಸಭೆಯಲ್ಲಿ ಎದ್ದು ನಿಂತರು. ಮೊದಲು ಮೆಲ್ಲಗೆ ಶುರುಮಾಡಿದರು, ಆಮೇಲೆ ನಿಲ್ಲಲಿಲ್ಲ. "ಆ ನೀರು ದನ ಕುಡಿದ್ರ?" ಎಂದು ಒಬ್ಬಾಕೆ ಕೇಳಿದಳು. "ವಿಷ ಹಿಡಕೊಳ್ಳೋ ಆ ಜಾಗಾ ಸೊಳ್ಳಿ ಮರಿ ಕರುಳಿನ್ಯಾಗ ಅದ, ದನದ ಕರುಳಿನ್ಯಾಗ ಇಲ್ಲವ್ವ" ಎಂದರು. ಇದನ್ನು ನಾನು ಇಷ್ಟು ಚೆಂದಾಗಿ ಎಂದೂ ಹೇಳಿರಲಿಲ್ಲ.

ಅಧ್ಯಕ್ಷತೆ ವಹಿಸಿದ್ದ ಡಾಕ್ಟರು, "ಇದೆಲ್ಲ ಯಾರು ಕಲಿಸಿದ್ರು?" ಎಂದಾಗ ನಾಗಮ್ಮ ನನ್ನತ್ತ ಕೈ ತೋರಿಸಿದರು. ನಾನು ಎದ್ದು, "ಅರ್ಧ ನಾನು. ಉಳಿದರ್ಧ ಅವರೇ ನನಗೆ ಕಲಿಸಿದ್ದು" ಎಂದೆ. ಚಪ್ಪಾಳೆ ನಿಲ್ಲಲು ಹೊತ್ತು ಹಿಡಿಯಿತು.

ಸಂಜೆ ಕಲಬುರಗಿ ಬಸ್ಸಿನ ಕಿಟಕಿಯಿಂದ ತಿರುಗಿ ನೋಡಿದೆ. ಹೆಂಗಸರು ನಾಗಮ್ಮನನ್ನು ಸುತ್ತುವರಿದಿದ್ದರು. ನನಗೆ ಕೈಬೀಸಲೂ ನಾಗಮ್ಮನಿಗೆ ಪುರುಸೊತ್ತಿರಲಿಲ್ಲ.