ಮಲ್ಲಿಗೆ ಕೊಡಿ

ಉಗುರಿಗೆ ಉಗುರು ತಾಗಿ ‘ಟಿಕ್’ ಎನ್ನುವ ಆ ಸದ್ದು ಈಗಲೂ ಕಿವಿಯಲ್ಲಿದೆ. ಬಹ್ರೈನಿನ ಗುದೈಬಿಯಾದಲ್ಲಿದ್ದ ನಮ್ಮ ಹಳೇ ಬಿಲ್ಡಿಂಗಿನ ಟೆರೇಸಿನಲ್ಲಿ ಏಸಿಗಳ ಗದ್ದಲ ಎಷ್ಟೇ ಇರಲಿ, ಮಲ್ಲಿಗೆಯ ಎಳೆ ಕುಡಿ ಚಿವುಟುವಾಗ ಅದು ಕೇಳಿಸುತ್ತಿತ್ತು. ನಮ್ಮ ತುಳುವಿನಲ್ಲಿ ಆ ಕುಡಿಗೆ ‘ಕೊಡಿ’ ಎನ್ನುತ್ತೇವೆ. ಊಟಕ್ಕೆ ಹಾಕುವ ಬಾಳೆಯ ತುದಿ ‘ಕೊಡಿ ಎಲೆ’ ಆದದ್ದೂ ಹಾಗೆಯೇ. ಕಾನ್ವೆಂಟಿನಲ್ಲಿ ಬಾಟನಿ ಕಲಿಸಿದ ಸಿಸ್ಟರ್ ಬೋರ್ಡಿನ ಮೇಲೆ ‘ಟರ್ಮಿನಲ್ ಬಡ್’ ಎಂದು ಬರೆಯುತ್ತಿದ್ದರು. ನನ್ನ ಬಾಯಿಗೆ ಮಾತ್ರ ಕೊಡಿಯೇ ಬರುವುದು, ಕನ್ನಡ ಮಾತಾಡುವಾಗಲೂ.

ಬಹ್ರೈನಿನಲ್ಲಿ ಮಲ್ಲಿಗೆ ಬೆಳೆಸುವುದೆಂದರೆ ಎಲ್ಲ ಟೈಮಿಂಗ್. ಬೇಸಿಗೆಯಲ್ಲಿ ಬೇರು ಮುಟ್ಟಬಾರದು. ಸೆಕೆ ಇಳಿದು, ಟೆರೇಸಿನ ನೆಲದ ಮೇಲೆ ಬರಿಗಾಲು ಇಡಬಹುದು ಎನ್ನುವಾಗ ಗಿಡವನ್ನು ದೊಡ್ಡ ಮಣ್ಣಿನ ಚಟ್ಟಿಗೆ ದಾಟಿಸಬೇಕು. ಬೇರು ಹೊಸ ಮಣ್ಣು ಹಿಡಿದ ಮೇಲೆ ಗೆಲ್ಲುಗಳನ್ನು ಹಳೇ ಸೀರೆಯ ಅಂಚಿನಿಂದ ರೇಲಿಂಗಿಗೆ ಅಡ್ಡಕ್ಕೆ ಕಟ್ಟಬೇಕು. ನೆಟ್ಟಗೆ ಬಿಟ್ಟರೆ ತುದಿಯೊಂದೇ ಓಡುತ್ತದೆ. ಅಡ್ಡ ಮಲಗಿಸಿದರೆ ಗೆಣ್ಣು ಗೆಣ್ಣಿಗೂ ಚಿಗುರು. ಚಳಿ ಹಿಂದೆಗೆಯುವ ಹೊತ್ತಿಗೆ ಕೊಡಿ ತೆಗೆಯಬೇಕು. ಒಂದು ಹೋದಲ್ಲಿ ಎರಡು ಬರುತ್ತವೆ, ಎರಡರ ತುದಿಯಲ್ಲೂ ಮೊಗ್ಗು. ತೆಗೆಯುವುದು ತಡವಾದರೆ ಮೊಗ್ಗೂ ತಡ.

ಆ ವರ್ಷ ತಡವಾಗುವಂತಿರಲಿಲ್ಲ. ಕೆಳಗಿನ ಫ್ಲಾಟಿನ ಮೈಸೂರಿನ ಹುಡುಗಿ ಬಸುರಿಯಾಗಿದ್ದಳು. ಹಿಂದಿನ ಸಲ ಮೂರು ತಿಂಗಳಿಗೇ ಕಳೆದುಕೊಂಡಿದ್ದಳು. ಈ ಸಲ ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿ ಹೆರಿಗೆಗೆ ತವರಿಗೆ ಹೋಗುವುದೆಂದು ನಿಶ್ಚಯ. ಸೀಮಂತ ಗಂಡನ ಮನೆಯಲ್ಲೇ ಆಗಬೇಕಂತೆ. ಗಂಡನ ಮನೆಯೆಂದರೆ ಈ ಒನ್ ಬೆಡ್‌ರೂಮ್ ಫ್ಲಾಟ್. ಅವಳ ಅಮ್ಮ ಮಂಡಿನೋವಿನಿಂದ ವಿಮಾನ ಹತ್ತುವ ಸ್ಥಿತಿಯಲ್ಲಿರಲಿಲ್ಲ.

“ಆಂಟಿ, ಮೊಗ್ಗಿನ ಜಡೆ ಹಾಕ್ಕೋಬೇಕು ಅಂತ ತುಂಬಾ ಆಸೆ,” ಎಂದಳು ಒಂದು ದಿನ. “ಹೋದ್ಸಲ ಅಮ್ಮ ನಾನೇ ಕೂತು ಹೆಣೀತೀನಿ ಅಂದಿದ್ರು. ಇಲ್ಲಿ ಅಂಗಡೀಲಿ ಸಿಗೋದೆಲ್ಲ ಅರಳಿ ಬಾಡಿರೋ ಹೂವು.”

“ನನ್ನ ಗಿಡ ಉಂಟಲ್ಲ ಮಗಾ,” ಎಂದೆ.

ಅಷ್ಟರಲ್ಲಿ ಕ್ಯಾಟರಾಕ್ಟ್ ತೆಗೆಸಲು ನಾನು ಮಂಗಳೂರಿಗೆ ಹೋಗಬೇಕಾಯಿತು. ಗಿಡಕ್ಕೆ ನೀರು ಹಾಕುವುದನ್ನು ಅವಳಿಗೇ ಒಪ್ಪಿಸಿ ಹೋದೆ. ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ, ಎಲ್ಲವೂ ಮಂಜುಮಂಜಾಗಿದ್ದಾಗಲೇ ನೆನಪಾಗಿ ವಾಟ್ಸಾಪ್ ಮಾಡಿದೆ: “ಮಲ್ಲಿಗೆ ಕೊಡಿ. ಈ ವಾರವೇ. ಪ್ಲೀಸ್ ಡೋಂಟ್ ಫರ್ಗೆಟ್.” ಅವಳಿಂದ ಒಂದು ಹೆಬ್ಬೆರಳು ಬಂತು. ನನಗೆ ಸಮಾಧಾನ.

ವಾಪಸ್ ಬಂದು ಟೆರೇಸಿಗೆ ಹತ್ತಿದರೆ ನೆಲದ ಮೇಲೆ ಚಟ್ಟಿಯ ದುಂಡನೆಯ ಕಲೆ ಮಾತ್ರ ಇತ್ತು.

ಕೆಳಗಿಳಿದು ಅವಳನ್ನು ನಮ್ಮ ಫ್ಲಾಟಿಗೆ ಕರೆದು ಕೇಳಿದೆ, “ಗಿಡ ಎಲ್ಲಿ ಮಗಾ?”

“ಕೊಟ್ನಲ್ಲ ಆಂಟಿ.”

“ಎಂತ ಕೊಟ್ಟದ್ದು?”

“ನೀವೇ ಮೆಸೇಜ್ ಮಾಡಿದ್ರಲ್ಲ, ಮಲ್ಲಿಗೆ ಕೊಡಿ ಅಂತ. ಬುಸೈತೀನ್‌ಗೆ ಶಿಫ್ಟ್ ಆದ್ರಲ್ಲ ನಿಮ್ಮ ಫ್ರೆಂಡ್, ಅವ್ರು ಬಂದಾಗೆಲ್ಲ ‘ಮಲ್ಲಿಗೆ ಯಾವಾಗ ಕೊಡ್ತೀರಿ’ ಅಂತಿದ್ರು. ಅವ್ರಿಗೇ ಇರ್ಬೇಕು ಅಂತ ಕೊಟ್ಟೆ. ಬೇಜಾರಾಯ್ತು, ಬಟ್ ನಿಮ್ಮ ಗಿಡ, ನಾನೇನ್ ಹೇಳ್ಲಿ?”

ತಪ್ಪು ತಿಳಿಯಲು ಕಾರಣವೂ ಇತ್ತು. ನೀರು ಹಾಕಿ, ಬಾಗಿಲು ಮುಚ್ಚಿ ಎಂದು ಮೆಸೇಜಿನಲ್ಲಿ ಎಲ್ಲರಿಗೂ ಬಹುವಚನದಲ್ಲೇ ಬರೆಯುವ ಕಾನ್ವೆಂಟಿನ ಅಭ್ಯಾಸ ನನ್ನದು. ಕೊಡಿ ಎಂದರೆ ಏನೆಂದು ವಿವರಿಸಿದೆ. ಅವಳಿಗೆ ಮೊದಲು ನಗು ಬಂತು, ನಗುತ್ತಲೇ ಕಣ್ಣು ತುಂಬಿತು. “ಹಾಗಾದ್ರೆ ನನ್ ಜಡೇನ ನಾನೇ ಕೊಟ್ಟುಬಿಟ್ನಾ?”

ಒಳಗಿನಿಂದ ನನ್ನವರು, “ಇಡೀ ಲೋಕಕ್ಕೆ ತುಳು ಬರ್ತದೆ ಅಂತ ಇವಳ ಲೆಕ್ಕ,” ಎಂದರು.

ಮರುದಿನವೇ ಇಬ್ಬರೂ ಟ್ಯಾಕ್ಸಿ ಹಿಡಿದು ಬುಸೈತೀನಿಗೆ ಹೋದೆವು. ನನ್ನ ಗೆಳತಿ ಟೀ ಕೊಟ್ಟಳು, ಕಥೆ ಕೇಳಿದಳು. “ಕೊಟ್ಟದ್ದನ್ನು ವಾಪಸ್ ಕೇಳ್ಲಿಕ್ಕೆ ನಿಮ್ಮ ಕಾನ್ವೆಂಟಿನಲ್ಲಿ ಕಲಿಸಿದ್ದಾ ಮಾರಾಯ್ತಿ?” ಎಂದು ನನ್ನನ್ನು ಚುಚ್ಚಿದಳು. ಆದರೆ ಹುಡುಗಿಯ ಹೊಟ್ಟೆ ನೋಡಿದವಳೇ ಎದ್ದು, ತಾನೇ ಚಟ್ಟಿ ಎಳೆದು ತಂದಳು. ಶೋಕಿಗೆಂದು ಹಾಲಿನಲ್ಲಿ ಏಸಿಯ ಕೆಳಗೆ ಇಟ್ಟಿದ್ದಳು. ಪಾಪದ ಗಿಡ ಬೆಳಕು ಹುಡುಕಿಕೊಂಡು ಕಿಟಕಿಯತ್ತ ಸಪೂರವಾಗಿ ಉದ್ದ ಹೋಗಿತ್ತು.

ಅದನ್ನು ಮತ್ತೆ ರೇಲಿಂಗಿಗೆ ಕಟ್ಟಿದೆ. ಎರಡು ದಿನ ನೆರಳು ಬಿಸಿಲಿಗೆ ರೂಢಿ ಮಾಡಿಸಿ, ಎರಡು ಜೋಡಿ ಎಲೆ ಉಳಿಸಿ ಮೇಲೆ ಎಲ್ಲಿ ಚಿವುಟಬೇಕೆಂದು ಅವಳಿಗೆ ತೋರಿಸಿದೆ. ಅವಳ ಬೆರಳು ಅಲ್ಲೇ ನಿಂತಿತು.

“ಇರೋದನ್ನೇ ಕಿತ್ರೆ ಹೆಂಗೆ ಆಂಟಿ?”

“ಕಿತ್ತಲ್ಲೇ ಬರುವುದು ಮಗಾ.”

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವಳು ಗಿಡದತ್ತ ಬಗ್ಗಿದಳು. ಒಂದು ಚಿವುಟಿದಳು, ಇನ್ನೊಂದು, ಮತ್ತೊಂದು. ಮುಗಿಯುವ ತನಕ ನನಗೆ ಮುಟ್ಟಲು ಬಿಡಲಿಲ್ಲ.

ಚಿಗುರು ಬಂತು. ಆದರೆ ಹೋದ ದಿನಗಳನ್ನು ಗಿಡ ಎಲ್ಲಿಂದ ತರಬೇಕು? ಸೀಮಂತದ ವಾರ ಅರ್ಧ ಗೆಲ್ಲುಗಳಲ್ಲಿ ಅಕ್ಕಿಕಾಳಿನಷ್ಟು ಹಸಿರು ಮೊಗ್ಗು. ಬಲಿತಷ್ಟನ್ನು ದಿನಾ ಸಂಜೆ ಕೊಯ್ದು, ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟೆ. ಆ ದಿನ ಅವಳನ್ನು ಮಣೆಯ ಮೇಲೆ ಕೂರಿಸಿ ನೆತ್ತಿಯಿಂದ ಹೆಣೆಯುತ್ತಾ ಬಂದೆ. ಬೆನ್ನಿನ ನಡುವಿಗೆ ಬರುವಾಗ ಬಟ್ಟೆ ಖಾಲಿ.

ಆರತಿಯಾದ ಮೇಲೆ ಅವಳ ಅಮ್ಮ ವೀಡಿಯೋ ಕಾಲಿನಲ್ಲಿ ಬಂದರು. “ಎಲ್ಲಿ, ಹಿಂದೆ ತಿರುಗು ನೋಡೋಣ.”

“ಮುಂದಿಂದಾನೇ ಚೆನ್ನಾಗಿದೆ ಬಿಡಮ್ಮ.”

“ತಿರುಗೇ.”

ತಿರುಗಿದಳು. ಅರ್ಧಕ್ಕೆ ಮೊಗ್ಗು ನಿಂತು ಅಲ್ಲಿಂದ ಕೆಳಗೆ ಬರೀ ಕೂದಲು. ಫೋನಿನಲ್ಲಿ ಅಮ್ಮ ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಗ್ಗಿದರು.

“ಇಷ್ಟು ಸಾಕು ಕಣೇ,” ಎಂದರು ಆಮೇಲೆ. “ಬೆನ್ನು ನೋವು ಅಂತಿದ್ದೆ, ಪೂರ್ತಿ ಇದ್ದಿದ್ರೆ ಭಾರ ಆಗ್ತಿತ್ತು. ಮಿಕ್ಕಿದ್ದನ್ನ ನಾನಿಲ್ಲಿ ಹೆಣೀತೀನಿ, ಬಾ.”

ಅವಳ ಭುಜ ಅಲುಗಿತು. ನಾನು ಜಡೆ ಸರಿಮಾಡುವ ನೆವದಲ್ಲಿ ಬೆನ್ನ ಮೇಲೆ ಕೈಯಿಟ್ಟೆ.

ಸಂಜೆ ನಮ್ಮ ಫ್ಲಾಟಿಗೆ ಬಂದು ನನ್ನವರಿಗೂ ನನಗೂ ನಮಸ್ಕಾರ ಮಾಡಿದಳು. ಬೆಳಗಾಗುವ ಮೊದಲೇ ಫ್ಲೈಟು. ನಮ್ಮನ್ನು ಎಬ್ಬಿಸುವುದಿಲ್ಲ ಎಂದಳು. ಮಗು ಹುಟ್ಟಿತು, ಫೋಟೋ ಬಂತು, ಗಂಡನಿಗೆ ಊರಿನಲ್ಲೇ ಕೆಲಸ ಸಿಕ್ಕಿತು. ಅವರು ಈ ಕಡೆ ಮತ್ತೆ ಬರಲಿಲ್ಲ. ನಾನು ಅವಳನ್ನು ಕೊನೆಗೆ ಕಂಡದ್ದು ಆ ಸಂಜೆ ಮೆಟ್ಟಿಲಿನಲ್ಲಿ. ಒಂದು ಕೈ ಗೋಡೆಗೆ, ಇನ್ನೊಂದು ಹೊಟ್ಟೆಯ ಅಡಿಗೆ ಇಟ್ಟುಕೊಂಡು ನಿಧಾನವಾಗಿ ಇಳಿಯುತ್ತಿದ್ದಳು. ತಿರುವಿನಲ್ಲಿ ನಿಂತಳು. ಕತ್ತು ತಿರುಗಿಸಿದರೆ ಜಡೆ ಸಡಿಲವಾದೀತೆಂದು, ಹಿಂದೆ ನೋಡದೆಯೇ ಕೈ ಎತ್ತಿದಳು.