ಫಿಟ್ಟರು ಇಳಿದ ಬಾವಿ

ಹೋದ ತಿಂಗಳು ನಮ್ಮ ಕಟ್ಟಡದ ಸಂಪು ತೊಳೆಯಲು ಇಬ್ಬರು ಬಂದಿದ್ದರು. ಕೆಲಸ ಮುಗಿಸಿದವನೊಬ್ಬ ನೆಂದ ತೆಂಗಿನ ನಾರಿನ ಹಗ್ಗವನ್ನು ಹೆಗಲಿಗೆ ಸುತ್ತಿಕೊಂಡು ನನ್ನ ಪಕ್ಕದಲ್ಲೇ ಹಾದುಹೋದ. ಹಸಿ ನಾರು, ಅದಕ್ಕೆ ಮೆತ್ತಿದ ಕೆಸರು... ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಬಾಯಿಂದ ಮಾತು ತಾನಾಗಿ ಬಿತ್ತು.

"ಲಾಟೀನು ಇಳಿಸಿ ನೋಡಿದ್ರೇನಪ್ಪಾ?"

ಅವನು ನಕ್ಕ. "ಆರಡಿ ಸಂಪು ಅಜ್ಜಿ ಇದು. ಲಾಟೀನು ಯಾವ ಕಾಲದ್ದು!"

ನಾನೂ ನಕ್ಕೆ. ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಅಳು ಬಂತು. ಈ ವಯಸ್ಸಿನಲ್ಲಿ ಯಾವುದಕ್ಕೆ ಅಳು ಬರುತ್ತದೆ, ಯಾವುದಕ್ಕೆ ಬರುವುದಿಲ್ಲ ಎಂದು ಹೇಳುವುದು ಕಷ್ಟ. ಆದರೆ ಇದು ಯಾರಿಗಾಗಿ ಬಂದ ಅಳು ಎಂದು ನನಗೆ ಗೊತ್ತಿತ್ತು. ನಮ್ಮ ರಸ್ತೆಯ ಫಿಟ್ಟರಿಗಾಗಿ.

ಎಂಬತ್ತರ ದಶಕದ ನಡುವಿನ ಮಾತು. ನಾವಾಗಲೂ ಬಸವೇಶ್ವರನಗರದ ಇದೇ ಅಡ್ಡರಸ್ತೆಯಲ್ಲಿ, ಒಂದು ಮನೆಯ ಹಿಂದಿನ ಪೋರ್ಷನ್ನಿನಲ್ಲಿ ಬಾಡಿಗೆಗಿದ್ದೆವು. ನಮ್ಮ ಯಜಮಾನರು ಗುಮಾಸ್ತರು, ನನಗೆ ಇಬ್ಬರು ಚಿಕ್ಕ ಮಕ್ಕಳು. ಫಿಟ್ಟರದು ಎದುರು ಮನೆ. ರಾಜಾಜಿನಗರದ ಕಡೆ ಯಾವುದೋ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ ಮಾಡುತ್ತಿದ್ದರು. ಅವರಿಗೆ ಹೆಸರಿರಲಿಲ್ಲ ಎಂದಲ್ಲ, ಆದರೆ ಅವರ ಹೆಂಡತಿಯೂ ನಮ್ಮೆದುರು 'ಫಿಟ್ಟರು ಊಟಕ್ಕೆ ಬಂದ್ರು' ಎಂದೇ ಹೇಳುತ್ತಿದ್ದರು. ಗುಬ್ಬಿಯಷ್ಟು ಆಳು, ಕೈ ಮಾತ್ರ ದೊಡ್ಡವು. ಆ ಕೈಗಳು ಸುಮ್ಮನಿದ್ದದ್ದನ್ನು ನಾನು ನೋಡಿದ ನೆನಪಿಲ್ಲ.

ಆಗ ಮಳೆ ವರ್ಷದ ಮೇಲೆ ವರ್ಷ ಕೈಕೊಟ್ಟಿತ್ತು. ಮಳೆ ಹೋದರೆ ಹಳ್ಳಿಯವರಿಗೆ ಕಷ್ಟ, ಬೆಂಗಳೂರಿನವರಿಗೇನು ಎಂದುಕೊಂಡಿದ್ದ ಪೆದ್ದಿ ನಾನು. ನಲ್ಲಿಯಲ್ಲಿ ಮೂರು ದಿನಕ್ಕೊಮ್ಮೆ ನೀರು. ಅದೂ ಮೇಲಕ್ಕೆ ಏರದೆ, ಪೈಪಿನವರೆಗೆ ನೆಲ ಅಗೆದು, ಗುಂಡಿಯೊಳಗೆ ಕುಕ್ಕರುಗಾಲಲ್ಲಿ ಕೂತು ಚೊಂಬಿನಲ್ಲಿ ಹಿಡಿಯಬೇಕು. ಕರೆಂಟು ಯಾವಾಗ ಹೋಗುತ್ತದೆ ಎಂದು ಕೇಳುವುದನ್ನು ಬಿಟ್ಟು ಯಾವಾಗ ಬರುತ್ತದೆ ಎಂದು ಕೇಳುವ ಕಾಲ. ಸೀಮೆಎಣ್ಣೆಗೆ ಡಬ್ಬ ಇಟ್ಟು ಸಾಲು ನಿಂತರೆ ನಮ್ಮ ಸರದಿ ಬರುವಷ್ಟರಲ್ಲಿ 'ಸ್ಟಾಕಿಲ್ಲ' ಎಂಬ ಬೋರ್ಡು. ಫಿಟ್ಟರ ಕಾರ್ಖಾನೆಯೂ ಕರೆಂಟಿಲ್ಲದೆ ವಾರಕ್ಕೆರಡು ದಿನ ಬಾಗಿಲು ಹಾಕುತ್ತಿತ್ತು. ಬೇರೆಯವರು ಅಂಥ ದಿನ ಮಲಗಿ ನಿದ್ದೆ ಮಾಡುತ್ತಿದ್ದರು. ಇವರು ರಸ್ತೆಗೆ ಬಂದು ನಿಂತರು.

"ನೋಡೀಮ್ಮಾ," ಎಂದು ಒಂದು ದಿನ ನನ್ನ ಗುಂಡಿಯ ಪಕ್ಕ ನಿಂತು ಹೇಳಿದರು. "ಅಣೆಕಟ್ಟೇಲಿ ನೀರಿಲ್ಲ, ಅದಕ್ಕೆ ಕರೆಂಟಿಲ್ಲ. ಕರೆಂಟಿಲ್ಲ, ಅದಕ್ಕೆ ಪಂಪಿಲ್ಲ. ಪಂಪಿಲ್ಲ, ಅದಕ್ಕೆ ನಿಮ್ಮ ಚೊಂಬಲ್ಲಿ ನೀರಿಲ್ಲ. ಸುತ್ತಿ ಬಳಸಿ ಎಲ್ಲಾ ಆಕಾಶದ ಕೈಲಿದೆ. ನಮ್ಮ ಕೈಲೂ ಏನಾದ್ರೂ ಒಂದು ಇಟ್ಕೋಬೇಕಲ್ವಾ?"

ಅವರ ಕಣ್ಣು ಬಿದ್ದದ್ದು ರಸ್ತೆ ತುದಿಯ ಖಾಲಿ ಸೈಟಿನ ಬಾವಿಯ ಮೇಲೆ. ಬಡಾವಣೆ ಆಗುವ ಮುಂಚೆ ಅದು ಕುರುಬರಹಳ್ಳಿಯವರ ತೋಟದ ಬಾವಿಯಂತೆ. ನಲ್ಲಿ ಬಂದ ಮೇಲೆ ನಾವೆಲ್ಲ ಸೇರಿ ಅದನ್ನು ಕಸದ ತೊಟ್ಟಿ ಮಾಡಿದ್ದೆವು. ಸವೆದ ಪೊರಕೆ, ಒಡೆದ ಮಡಕೆ, ನನ್ನದೇ ಮನೆಯ ಹರಿದ ಹಾಸಿಗೆ... ಫಿಟ್ಟರು ಮನೆಮನೆ ಸುತ್ತಿ, ಮನೆಗೊಬ್ಬರಂತೆ ಭಾನುವಾರ ಬರಬೇಕು, ಆಳನ್ನು ಕಳಿಸುವ ಹಾಗಿಲ್ಲ, ದುಡ್ಡು ಕೊಟ್ಟು ತಪ್ಪಿಸಿಕೊಳ್ಳುವ ಹಾಗಿಲ್ಲ ಎಂದರು. ಮೊದಲ ಭಾನುವಾರ ನಾಲ್ಕು ಜನ ಬಂದರು. ಅವರಲ್ಲಿ ನಾನಿರಲಿಲ್ಲ. ಐದನೆಯ ಭಾನುವಾರ, ನಲ್ಲಿ ಪೂರ್ತಿ ಒಣಗಿದ ಮೇಲೆ, ಇಡೀ ರಸ್ತೆ ಬಂತು.

ಅವರ ತಂದೆ ಬಾವಿ ತೋಡುತ್ತಿದ್ದವರು. ಆ ವಿದ್ಯೆ ಫಿಟ್ಟರಿಗೂ ಗೊತ್ತಿತ್ತು. ಯಾರೇ ಇಳಿಯುವ ಮೊದಲು ಹಗ್ಗಕ್ಕೆ ಹೊತ್ತಿಸಿದ ಲಾಟೀನು ಕಟ್ಟಿ ತಳದವರೆಗೆ ಬಿಡುತ್ತಿದ್ದರು. ನೂರು ಎಣಿಸುವವರೆಗೂ ಅದು ಉರಿಯುತ್ತಿದ್ದರೆ ಇಳಿಯಬಹುದು. ಆರಿದರೆ ಅವತ್ತಿನ ಕೆಲಸ ಬಂದ್. ಕಸ ಕೊಳೆತ ಬಾವಿಯ ತಳದಲ್ಲಿ ಕೆಟ್ಟಗಾಳಿ ಕೂತಿರುತ್ತದೆ, ಅದು ದೀಪವನ್ನು ನಂದಿಸಿದ ಹಾಗೆಯೇ ಮನುಷ್ಯನನ್ನೂ ನಂದಿಸುತ್ತದೆ ಎನ್ನುತ್ತಿದ್ದರು. ಇಷ್ಟಕ್ಕೆಲ್ಲ ಸೀಮೆಎಣ್ಣೆ ಯಾಕೆ ದಂಡ, ಮೇಣದಬತ್ತಿ ಆಗುವುದಿಲ್ಲವೇ ಎಂದು ನಾನು ಕೇಳಿದ್ದೆ.

"ಮೇಣದಬತ್ತಿ ಬೀಸೋ ಗಾಳಿಗೂ ಆರುತ್ತೆ, ಕೆಟ್ಟಗಾಳಿಗೂ ಆರುತ್ತೆ. ಅದರ ಮಾತು ನಂಬೋಕಾಗಲ್ಲ. ಲಾಟೀನಿಗೆ ಗಾಜಿದೆ. ಅದು ಆರ್ತು ಅಂದ್ರೆ ಒಂದೇ ಅರ್ಥ."

ಆ ಬೇಸಿಗೆಯಲ್ಲೇ ನೀರು ಸಿಕ್ಕಿತು. ತಿಳಿಯಾದ, ತಣ್ಣಗಿನ ನೀರು. ಫಿಟ್ಟರು ಕಬ್ಬಿಣದ ಚೌಕಟ್ಟು ನಿಲ್ಲಿಸಿ ನಾಲ್ಕು ರಾಟೆ ಕೂರಿಸಿದರು. ಸುತ್ತಲಿನ ಮನೆಗಳ ತಾರಸಿಯಿಂದ ಪೈಪು ಎಳೆದು, ಬರದಿರುವ ಮಳೆಗಾಗಿ ಬಾವಿಯ ಪಕ್ಕ ನೀರು ಸೋಸಿ ಒಳಗಿಳಿಸುವ ಮರಳಿನ ಗುಂಡಿ ಮಾಡಿಸಿದರು. ಮೋಟರು ಇಡೋಣ ಎಂದವರೊಡನೆ ಜಗಳವನ್ನೇ ಆಡಿದರು. ಮೋಟರು ಬಂದರೆ ಕರೆಂಟು ಹೋದ ದಿನ ಬಾವಿಯೂ ಹೋಗುತ್ತದೆ ಎನ್ನುವುದು ಅವರ ವಾದ. ಎರಡು ಬೇಸಿಗೆ ನಮ್ಮ ರಸ್ತೆ ಆ ಬಾವಿಯಿಂದ ಬದುಕಿತು. ಪಕ್ಕದ ರಸ್ತೆಯವರು ಕೊಡ ಹಿಡಿದು ಬಂದಾಗ ನಮಗೆ ಕೊಂಬು ಮೂಡಿತ್ತು, ಸುಳ್ಳೇಕೆ ಹೇಳಲಿ. ಫಿಟ್ಟರು ಮಾತ್ರ ಅವರಿಗೂ ಒಂದು ರಾಟೆ ಬಿಟ್ಟುಕೊಟ್ಟರು.

ಮೂರನೆಯ ವರ್ಷ ಶ್ರಾವಣದಲ್ಲಿ ಮಳೆ ಬಂತು. ಬಂತೆಂದರೆ ಚೆನ್ನಾಗಿಯೇ ಬಂತು. ಹಿಂದೆಯೇ ಗಣೇಶನ ಹಬ್ಬ. ಪ್ರತಿ ವರ್ಷ ಗಣಪತಿ ಬಿಡಲು ಕೆರೆಗೆ ಹೋಗುತ್ತಿದ್ದವರು ನಾವು. ಆ ವರ್ಷ ಯಾರ ಬಾಯಿಂದ ಮೊದಲು ಬಂತೋ, ನಮ್ಮ ಬಾವಿ ಇರುವಾಗ ಕೆರೆ ಯಾಕೆ ಎಂಬ ಮಾತು ಹಬ್ಬಿತು. ನಮ್ಮನ್ನು ಕಾಪಾಡಿದ ಗಂಗಮ್ಮ, ಅವಳ ಮಡಿಲಿಗೇ ನಮ್ಮ ಗಣಪ. ಎಲ್ಲರಿಗೂ ಅದು ಭಕ್ತಿಯಾಗಿಯೇ ಕಂಡಿತು. ಕೆಡುಕು ಮಾಡುತ್ತಿದ್ದೇವೆ ಎಂದು ದೇವರಾಣೆಗೂ ಯಾರಿಗೂ ಹೊಳೆಯಲಿಲ್ಲ.

ಫಿಟ್ಟರು ಮತ್ತೆ ಮನೆಮನೆ ಸುತ್ತಿದರು. ಜೇಡಿಮಣ್ಣು ತಳದಲ್ಲಿ ಕೂತರೆ ನೀರಿನ ಸೆಲೆ ಮುಚ್ಚಿಹೋಗುತ್ತದೆ, ಹೂವು ಪತ್ರೆ ಕೊಳೆಯುತ್ತದೆ, ಬೇಡಿ, ದೊಡ್ಡ ಬಕೆಟ್ಟಿನಲ್ಲಿ ಬಿಡಿ ಎಂದು ಕೈಮುಗಿದರು. ಅವರಿಗೆ ಉತ್ತರ ಕೊಟ್ಟವಳು ನಾನೇ.

"ಬಕೆಟ್ಟಲ್ಲಿ ಅದ್ದೋಕೆ ಗಣಪತಿ ಏನು ಒಗೆಯೋ ಬಟ್ಟೇನಾ ಫಿಟ್ಟರೇ?"

ಸುತ್ತ ಇದ್ದವರು ಗೊಳ್ಳೆಂದು ನಕ್ಕರು. ಅವರೂ ಸ್ವಲ್ಪ ನಕ್ಕ ಹಾಗೆ ಮಾಡಿ ಮುಂದಿನ ಮನೆಗೆ ಹೋದರು. ನನ್ನ ನಾಲಿಗೆ ಎಂದೂ ಹೀಗೆಯೇ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಮಳೆ ಬಂದಿತ್ತಲ್ಲ. ಅವತ್ತು ರಸ್ತೆಯ ಅಷ್ಟೂ ಮನೆಯ ಗಣಪತಿಗಳು, ಕೊನೆಗೆ ಹುಡುಗರು ಕೂರಿಸಿದ್ದ ಆಳೆತ್ತರದ ಗಣಪತಿ, ಅದರ ಬಾಳೆಕಂಬ, ಹಾರ, ಗರಿಕೆ ಸಮೇತ ಬಾವಿಗೆ ಹೋದವು. ಫಿಟ್ಟರು ದೂರದಲ್ಲಿ ನಿಂತು ನೋಡಿದರು. ದೊಡ್ಡ ಗಣಪತಿ ಮುಳುಗುವಾಗ ಅವರೂ ಕೈಮುಗಿದರು.

ತಿಂಗಳೊಳಗೆ ನೀರು ನಾತ ಹೊಡೆಯತೊಡಗಿತು. ಸೇದಿದಷ್ಟು ಮತ್ತೆ ಊರುತ್ತಿರಲಿಲ್ಲ. ಮಳೆ ಅಷ್ಟಕ್ಕೇ ನಿಂತಿತ್ತು, ಕರೆಂಟು ಮತ್ತೆ ಹೋಗಲು ಶುರುವಾಗಿತ್ತು. ಫಿಟ್ಟರು ಒಂದು ಮಾತೂ ಆಡಿ ತೋರಿಸಲಿಲ್ಲ. 'ನಾನು ಹೇಳಿರಲಿಲ್ವಾ' ಎಂದು ಒಮ್ಮೆ ಅಂದುಬಿಟ್ಟಿದ್ದರೆ ಚೆನ್ನಾಗಿತ್ತು. ದೀಪಾವಳಿಗೆ ಮುಂಚೆ ಶುದ್ಧ ಮಾಡೋಣ, ಬನ್ನಿ ಎಂದರು ಅಷ್ಟೇ. ಗಣಪತಿ ಕೂರಿಸಿದ್ದ ಹುಡುಗರಿಗೆ ಒಳಗೊಳಗೇ ನಾಚಿಕೆಯಾಗಿತ್ತು. ಅವರೇ ಮುಂದೆ ನಿಂತು ಎರಡು ದಿನ ನೀರು ಸೇದಿ ಹೊರಹಾಕಿದರು. ಮೂರನೆಯ ದಿನ ಬೆಳಿಗ್ಗೆ ತಳಕ್ಕೆ ಇಳಿದು ಮಣ್ಣು ತೆಗೆಯುವುದಿತ್ತು.

ಆ ಬೆಳಿಗ್ಗೆ ಫಿಟ್ಟರ ಹೆಂಡತಿ ನಮ್ಮ ಬಾಗಿಲಿಗೆ ಬಂದರು, ಕೈಯಲ್ಲಿ ಸಣ್ಣ ಸೀಸೆ.

"ಲಾಟೀನಿಗೆ ಒಂದು ಲೋಟ ಸೀಮೆಎಣ್ಣೆ ಇದ್ರೆ ಕೊಡ್ತೀರಾ? ನಮ್ಮನೇದು ತಳ ಕಂಡಿದೆ. ಡಿಪೋಗೆ ಬಂದ ತಕ್ಷಣ ವಾಪಸ್ ಕೊಡ್ತೀನಿ."

ನಮ್ಮ ಮನೆಯಲ್ಲಿ ಸೀಮೆಎಣ್ಣೆ ಇತ್ತು. ರಾಗಿ ಡಬ್ಬದ ಹಿಂದೆ ಒಂದು ಬಾಟಲಿ, ಕತ್ತಿನವರೆಗೂ. ದೀಪಾವಳಿಗೆ ನಾದಿನಿಯ ಸಂಸಾರ ಬರುವುದಿತ್ತು. ಅವರೆದುರು ಸ್ಟವ್ ಹೊತ್ತದೆ ನನ್ನ ಮರ್ಯಾದೆ ಹೋಗಬಾರದೆಂದು ಬಚ್ಚಿಟ್ಟಿದ್ದೆ. ನಾನು ಒಂದು ಗಳಿಗೆಯೂ ಯೋಚಿಸಲಿಲ್ಲ.

"ಅಯ್ಯೋ, ಇಲ್ಲ ಕಣ್ರೀ. ಮೊನ್ನೇನೇ ಮುಗೀತು."

ಅವರು ಇನ್ನೂ ಐದಾರು ಮನೆ ಕೇಳಿದರು. ಎಲ್ಲ ಕಡೆಯೂ ಇದೇ ಉತ್ತರ. ಅವರ ಮನೆಗಳಲ್ಲಿ ನಿಜಕ್ಕೂ ಇರಲಿಲ್ಲವೋ, ಇದ್ದೂ ಇಲ್ಲ ಎಂದರೋ, ನನಗೆ ತಿಳಿಯದು. ನನ್ನ ಮನೆಯದು ಮಾತ್ರ ತಿಳಿದಿದೆ.

ಫಿಟ್ಟರು ಸೈಕಲ್ ತೆಗೆದರು. ಕುರುಬರಹಳ್ಳಿಯಲ್ಲಿ ಗುರುತಿನವರೊಬ್ಬರ ಹತ್ತಿರ ತರುತ್ತೇನೆ, ಲಾಟೀನು ಇಳಿಯದೆ ಮನುಷ್ಯ ಇಳಿಯಬಾರದು ಎಂದು ಹುಡುಗರಿಗೆ ಗಟ್ಟಿಯಾಗಿ ಹೇಳಿ ಹೋದರು. ಅರ್ಧ ಗಂಟೆಯಾಯಿತು. ಮುಕ್ಕಾಲು ಗಂಟೆಯಾಯಿತು. ಹುಡುಗರಿಗೆ ತಡೆಯಲಾಗಲಿಲ್ಲ. ಲೇತ್ ವರ್ಕ್‌ಶಾಪಿನಲ್ಲಿ ಕೆಲಸ ಮಾಡುತ್ತಿದ್ದ ಕೊನೆ ಮನೆಯ ಹುಡುಗನ ಹತ್ತಿರ ಹೊಸ ಟಾರ್ಚಿತ್ತು. "ದೀಪ ತಾನೇ ಬೇಕಿರೋದು ಗುರು, ಇದು ಲಾಟೀನಿಗಿಂತ ಜೋರಾಗಿದೆ" ಎಂದು ಅದಕ್ಕೇ ದಾರ ಕಟ್ಟಿ ಇಳಿಬಿಟ್ಟ. ತಳ ಥಳಥಳ ಕಂಡಿತು. ಟಾರ್ಚು ಆರಲಿಲ್ಲ. ಹೇಗೆ ಆರುತ್ತದೆ? ಅದಕ್ಕೆ ಉಸಿರು ಬೇಕಿಲ್ಲವಲ್ಲ. ಅಲ್ಲಿ ನಿಂತಿದ್ದವರಲ್ಲಿ ಹತ್ತನೇ ಕ್ಲಾಸು ದಾಟಿದವರಿದ್ದರು, ನಮ್ಮ ಯಜಮಾನರಿದ್ದರು, ನೀರು ಕೊಡಲು ಹೋದ ನಾನಿದ್ದೆ. ಒಬ್ಬರಿಗೂ ಬುದ್ಧಿ ಓಡಲಿಲ್ಲ.

ಅವನು ಸೊಂಟಕ್ಕೆ ಹಗ್ಗವನ್ನೂ ಕಟ್ಟಿಕೊಳ್ಳದೆ ಗೋಡೆಯ ಮೆಟ್ಟಿಲು ಹಿಡಿದು ಇಳಿದ. ತಳ ಮುಟ್ಟಿ "ನಾತ ಕಣ್ರೋ" ಎಂದ. ಮತ್ತೊಂದು ಮಾತು ಬರಲಿಲ್ಲ.

ಕಿರುಚಾಟ ಎದ್ದಾಗ ಫಿಟ್ಟರ ಸೈಕಲ್ ರಸ್ತೆ ತಿರುಗುತ್ತಿತ್ತು. ಹ್ಯಾಂಡಲ್ಲಿಗೆ ಕಾಲು ಬಾಟಲಿ ಸೀಮೆಎಣ್ಣೆ ಕಟ್ಟಿತ್ತು. ಸೈಕಲ್ ಹಾಗೇ ಬಿಸಾಡಿ ಓಡಿಬಂದು ಒಮ್ಮೆ ಬಗ್ಗಿ ನೋಡಿದರು. ಸೊಂಟಕ್ಕೊಂದು ಹಗ್ಗ ಕಟ್ಟಿಕೊಂಡು, ಕೈಗೊಂದು ಹಗ್ಗ ತೆಗೆದುಕೊಂಡು, ಒದ್ದೆ ಟವೆಲ್ಲು ಮುಖಕ್ಕೆ ಸುತ್ತಿಕೊಳ್ಳುವಾಗ ನಮ್ಮ ಯಜಮಾನರು ತೋಳು ಹಿಡಿದರು. "ಫಿಟ್ಟರೇ, ಬೇಡಿ. ಲಾಟೀನಾದ್ರೂ ಮೊದಲು..."

"ಲಾಟೀನು ಈಗ ಏನು ಹೇಳುತ್ತೆ ಅಂತ ನಂಗೊತ್ತು ಸಾರ್. ಬಿಡಿ."

ಅದೇ ಅವರ ಕೊನೆಯ ಮಾತು. ಕೆಳಗೆ ಹೋಗಿ ಹುಡುಗನ ಕಂಕುಳಿಗೆ ಹಗ್ಗ ಕಟ್ಟಿದರು. ಎಳೆಯಿರಿ ಎಂದು ಹಗ್ಗ ಜಗ್ಗಿದರು. ಇದ್ದಬದ್ದವರೆಲ್ಲ ಆ ಹಗ್ಗಕ್ಕೇ ಬಿದ್ದರು. ಹುಡುಗ ಮೇಲೆ ಬಂದ, ಬಾಯಲ್ಲಿ ನೊರೆ, ಆದರೆ ಉಸಿರಿತ್ತು. ಎಲ್ಲರೂ ಅವನನ್ನು ಸುತ್ತುವರಿದರು. ಫಿಟ್ಟರ ಹಗ್ಗ ಕಂಬಕ್ಕೆ ಕಟ್ಟಿದಂತೆಯೇ ಇತ್ತು. ಅದನ್ನು ಯಾರೂ ಹಿಡಿದಿಲ್ಲ ಎಂದು ನಮಗೆ ಹೊಳೆದದ್ದು ಅವರ ಹೆಂಡತಿ ಒಬ್ಬರೇ ಅದನ್ನು ಎಳೆಯುತ್ತಿರುವುದನ್ನು ಕಂಡಾಗ...

ಸಾವಿನ ಮನೆಯಲ್ಲಿ ಒಲೆ ಹಚ್ಚುವ ಹಾಗಿಲ್ಲ. ಅಕ್ಕಪಕ್ಕದವರೇ ಅನ್ನ ಕಳಿಸಬೇಕು. ಎದುರು ಮನೆಯವಳು ನಾನು. ರಾಗಿ ಡಬ್ಬದ ಹಿಂದಿನ ಬಾಟಲಿ ತೆಗೆದು, ಸ್ಟವ್ವಿಗೆ ಸುರಿದು, ಅದೇ ಎಣ್ಣೆಯಲ್ಲಿ ಅವರ ಮನೆಗೆ ಅನ್ನ ಸಾರು ಮಾಡಿ ಕಳಿಸಿದೆ. ಆ ಎಣ್ಣೆ ಮೂರು ದಿನ ಬಂತು.

ಹನ್ನೊಂದನೆಯ ದಿನದ ಕರ್ಮ ಕಳೆಯುವುದರೊಳಗೆ ರಸ್ತೆಯವರು ಬಾವಿ ಮುಚ್ಚಲು ತೀರ್ಮಾನಿಸಿದರು. ಬಲಿ ತೆಗೆದುಕೊಂಡ ಬಾವಿ, ಮಕ್ಕಳಿರುವ ಜಾಗ ಎಂದರು. ಶುದ್ಧ ಮಾಡಲು ಐದು ಭಾನುವಾರ ಕಾಯಿಸಿದ್ದವರು ಮುಚ್ಚಲು ಒಂದೇ ಬೆಳಿಗ್ಗೆ, ಹೇಳಿದ ಹೊತ್ತಿಗಿಂತ ಮುಂಚೆ, ಮನೆಮಂದಿಯೆಲ್ಲ ಬಂದರು. ಲೋಡುಗಟ್ಟಲೆ ಮಣ್ಣು ಬಿತ್ತು. ನಾನೂ ಬಾಂಡಲಿ ಹೊತ್ತೆ. ಮುಂದಿನ ಬೇಸಿಗೆ ಇನ್ನೂ ಕೆಟ್ಟದಾಗಿತ್ತು. ನೀರಿನ ಲಾರಿಯ ಹಿಂದೆ ಕೊಡ ಹಿಡಿದು ಓಡುವಾಗ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಫಿಟ್ಟರ ಹೆಂಡತಿ ಕೆಂಗೇರಿಯ ಮಗಳ ಮನೆಗೆ ಹೊರಟರು. ಹೋಗುವ ಮುಂಚೆ ನನ್ನ ಹತ್ತಿರ ಬಂದು ಕೂತರು. ಕುಂಕುಮ ಕೊಡುವ ಹಾಗಿಲ್ಲ, ಕಾಫಿ ಕೊಟ್ಟೆ. ಅವರು ನನ್ನ ಕೈ ಮೇಲೆ ಕೈಯಿಟ್ಟರು.

"ಅವತ್ತು ನಿಮ್ಮನೇಲಿ ಒಂದು ಲೋಟ ಇದ್ದಿದ್ರೆ ನೀವು ಇಲ್ಲ ಅಂತಿರ್ಲಿಲ್ಲ, ನಂಗೊತ್ತು. ಅದನ್ನ ಮನಸ್ಸಲ್ಲಿಟ್ಕೊಂಡು ಕೊರಗಬೇಡಿ."

ನಾನು ತಲೆಯಾಡಿಸಿದೆ. ಅಷ್ಟು ಮಾತಾಡುವ ಬಾಯಿ ನನ್ನದು, ಅವತ್ತು ತೆರೆಯಲಿಲ್ಲ.

ಈ ಸಲದ ಬೇಸಿಗೆಗೆ ನಮ್ಮ ಕಟ್ಟಡದ ಬೋರ್‌ವೆಲ್ ಬತ್ತಿತು. ಕೆಳಗಿನ ಮನೆಯ ಹುಡುಗಿ, ಓದಿಕೊಂಡವಳು, ಮಳೆನೀರು ಇಂಗಿಸಬೇಕು ಎಂದು ಓಡಾಡುತ್ತಿದ್ದಾಳೆ. ಸಂಪು ತೊಳೆದ ವಾರವೇ ಬಂದು, ಈ ರಸ್ತೆಯಲ್ಲಿ ಹಳೇ ಬಾವಿ ಏನಾದರೂ ಇತ್ತಾ ಎಂದು ಕೇಳಿದಳು. ಕರೆದುಕೊಂಡು ಹೋಗಿ ತೋರಿಸಿದೆ. ಈಗ ಅಲ್ಲಿ ಮೂರಂತಸ್ತಿನ ಮನೆಯಿದೆ, ಮುಂದೆ ಎರಡು ಕಾರು.

"ಯಾಕೆ ಆಂಟಿ ಮುಚ್ಚಿದ್ರಿ?"

"ಒಬ್ರು ಹೋಗ್ಬಿಟ್ರು ಅದ್ರಲ್ಲಿ."

"ಅಯ್ಯೋ. ಬಿದ್ರಾ?"

"ಬೀಳ್ಲಿಲ್ಲ. ಇಳಿದ್ರು." ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಅವತ್ತು ನಮ್ಮನೇಲಿ ಸೀಮೆಎಣ್ಣೆ ಇತ್ತು ಕಣಮ್ಮಾ. ಇಲ್ಲ ಅಂದ್ಬಿಟ್ಟೆ."

ಅಷ್ಟು ವರ್ಷಗಳಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿದ್ದೆ. ಹುಡುಗಿ ನನ್ನ ಮುಖವನ್ನೇ ನೋಡಿದಳು. ಆಮೇಲೆ ಮೆಲ್ಲಗೆ ನನ್ನ ತೋಳು ಹಿಡಿದು, "ತುಂಬಾ ಬಿಸಿಲಿದೆ, ನಡೀರಿ ಆಂಟಿ, ಮನೆಗೆ ಹೋಗೋಣ" ಎಂದಳು. ಪಾಪ, ಅವಳಿಗೆ ಏನೂ ಅರ್ಥವಾಗಿರಲಿಲ್ಲ. ಅರ್ಥವಾಗುತ್ತಿದ್ದವರು ಕೆಂಗೇರಿಯಲ್ಲಿ ತೀರಿಕೊಂಡು ಹತ್ತು ವರ್ಷದ ಮೇಲಾಯಿತು.