ಚಿಗರೆಗಳಿಗೆ ಬಿತ್ತಿದ ಕುಡು

ಆಗೆಲ್ಲ ಅಲ್ ಐನ್‌ನಲ್ಲಿ ಸೆಪ್ಟೆಂಬರ್ ಮುಗಿಯುತ್ತ ಬಂತೆಂದರೆ ನಮ್ಮ ಫ್ಲ್ಯಾಟಿನ ಮೇಜಿನ ಮೇಲೆ ಊಟದ ತಟ್ಟೆ ಇಡಲು ಜಾಗವಿರುತ್ತಿರಲಿಲ್ಲ. ಸಾಲಾಗಿ ಡಬ್ಬಗಳ ಮುಚ್ಚಳ, ಮುಚ್ಚಳದಲ್ಲಿ ಒದ್ದೆ ಬಟ್ಟೆ, ಬಟ್ಟೆಯಲ್ಲಿ ಬೀಜ. ಸಜ್ಜೆ, ಜೋಳ, ಓಟ್ಸ್, ಅಲ್ಲಿಯವರು ಜತ್ ಎನ್ನುವ ಕುದುರೆ ಮೆಂತೆ. ಮೂರನೇ ದಿನಕ್ಕೆ ಎಷ್ಟು ಮೊಳೆತಿವೆ ಎಂದು ನೋಡುವ ಕೆಲಸ ನನ್ನದು. ಒದ್ದೆ ಬಟ್ಟೆಯ ಹುಳಿ ವಾಸನೆಗೆ ಅಮ್ಮ ಮೂಗು ಮುಚ್ಚಿಕೊಂಡು, "ಇದು ಮನೆಯಾ, ಗದ್ದೆಯಾ?" ಎಂದು ಬೈಯುತ್ತಿದ್ದಳು. ನನಗೋ ಆ ವಾಸನೆ ಬಂದರೇ ಹಬ್ಬ. ಬೇಸಿಗೆ ಖಲಾಸ್, ಇನ್ನು ಪ್ರತಿ ಶುಕ್ರವಾರ ಪಪ್ಪನ ಜೊತೆ ಮಜ್ರಾಕ್ಕೆ ಹೋಗಬಹುದು ಎಂದು ಲೆಕ್ಕ.

ಮಜ್ರಾ ಅಂದರೆ ತೋಟ. ಊರಾಚೆ ಮರಳಿನ ನಡುವೆ ಇತ್ತು. ಅದರ ಧಣಿಯನ್ನು ಎಲ್ಲರೂ ಅರ್ಬಾಬ್ ಎನ್ನುತ್ತಿದ್ದರು. ಪಪ್ಪ ಅಲ್ಲಿ ಫೋರ್‌ಮನ್. ಬೇಲಿಯೊಳಗೆ ಚಿಗರೆಗಳೂ ಗೌಜುಗ ಹಕ್ಕಿಗಳೂ ಇದ್ದವು. ಚಳಿಗಾಲದಲ್ಲಿ ಅರ್ಬಾಬ್ ಅತಿಥಿಗಳನ್ನು ಕರೆತಂದು, ಗಿಡುಗ ಹಾರಿಸಿ ಗೌಜುಗಗಳ ಬೇಟೆ ಆಡಿಸುತ್ತಿದ್ದರು. ಅದಕ್ಕೂ ಮೊದಲು, ಸೆಕೆ ಇಳಿಯುವ ಹೊತ್ತಿಗೆ, ಮೇವಿನ ತಾಕುಗಳನ್ನು ಬಿತ್ತಿ ಮುಗಿಸಬೇಕು. ಚಿಗರೆಗೆ ಸೊಪ್ಪು ಬೇಕು, ಹಕ್ಕಿಗೆ ಕಾಳು ಬೇಕು, ಅಡಗಿ ಕೂರಲು ಮರೆಯೂ ಬೇಕು. ಬಾವಿಯ ನೀರು ಉಪ್ಪು ಬೇರೆ. ಯಾವ ಬೀಜಕ್ಕೆ ಯಾವುದನ್ನು ಎಷ್ಟು ಬೆರೆಸಬೇಕು ಎಂಬುದೆಲ್ಲ ಪಪ್ಪನ ತಲೆಯಲ್ಲಿತ್ತು, ಕಾಗದದಲ್ಲಿರಲಿಲ್ಲ.

ನನಗೆ ಹನ್ನೊಂದು ವರ್ಷವಾದಾಗ ತೋಟಕ್ಕೆ ಕಾಲಿನ್ ಎಂಬ ಹೊಸ ಮ್ಯಾನೇಜರ್ ಬಂದರು. ತಣ್ಣನೆಯ ದೇಶದವರು. ಕೆಟ್ಟವರೇನಲ್ಲ, ನನಗೆ ಚಾಕೊಲೇಟ್ ಕೊಡುತ್ತಿದ್ದರು. ಬರುವಾಗಲೇ ತಮ್ಮ ಕಡೆಯ ಬೀಜದ ಮಿಶ್ರಣವನ್ನು ತರಿಸಿದ್ದರು. ಮಿರಮಿರ ಮಿನುಗುವ ಚೀಲ, ಮೇಲೆ ಹಿಮದಲ್ಲಿ ನಿಂತ ಜಿಂಕೆಯ ಚಿತ್ರ. ಆದರೂ ಪಪ್ಪನನ್ನು ಕರೆದು, "ನಿನಗೇನು ಬೇಕೋ ಲಿಸ್ಟ್ ಕೊಡು, ನೋಡೋಣ" ಎಂದಿದ್ದರಂತೆ. ಹತ್ತು ವರ್ಷದಲ್ಲಿ ಪಪ್ಪನನ್ನು ಯಾರೂ ಹಾಗೆ ಕೇಳಿರಲಿಲ್ಲ. ಅವತ್ತು ಪಪ್ಪ ಮನೆಗೆ ಬಂದವರೇ ಶರಟಿನ ಗುಂಡಿಯನ್ನೂ ಬಿಚ್ಚದೆ ಮೇಜಿಗೆ ಬಂದು ಕೂತರು.

"ನೀನು ಬರಿ ಮಾರಾಯ್ತಿ, ನಿನ್ನ ಸ್ಪೆಲ್ಲಿಂಗ್ ಚೆಂದ ಉಂಟು."

ಪಪ್ಪ ಹೇಳುತ್ತ ಹೋದರು, ನಾನು ಇಂಗ್ಲಿಷಿನಲ್ಲಿ ಬರೆಯುತ್ತ ಹೋದೆ. ಕೊನೆಗೆ ಬಂತು ಹುರುಳಿ. ನಮ್ಮ ತುಳುವಿನಲ್ಲಿ ಅದಕ್ಕೆ ಕುಡು.

"ಪಪ್ಪ, ಕುಡುವಿಗೆ ಇಂಗ್ಲಿಷಲ್ಲಿ ಎಂತ ಹೇಳುದು?"

"ನನಗೆಂತ ಗೊತ್ತು? ಕುಡು ಅಂತಲೇ ಬರಿ. ಕಾಳು ನೋಡಿದ್ರೆ ಅವರಿಗೆ ಗೊತ್ತಾಗ್ತದೆ."

ಅಮ್ಮ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದಳು. ಫೋನಿನಲ್ಲಿ ಹುಡುಕುವಷ್ಟು ತಾಳ್ಮೆ ನನಗಿರಲಿಲ್ಲ. ದೊಡ್ಡ ಇಂಗ್ಲಿಷ್ ಅಕ್ಷರದಲ್ಲಿ KUDU ಎಂದು ಬರೆದು, ಮುಂದೆ ಇಪ್ಪತ್ತು ಕಿಲೋ ಎಂದು ಸೇರಿಸಿದೆ. ಮುಖ್ಯ ಎಂದು ತೋರಿಸಲು ಅಡಿಗೆರೆಯನ್ನೂ ಎಳೆದೆ.

ಶುಕ್ರವಾರ ಪಪ್ಪ ಲಿಸ್ಟ್ ಕೊಡುವಾಗ ನಾನೂ ಆಫೀಸಿನ ಕ್ಯಾಬಿನ್‌ನಲ್ಲಿದ್ದೆ. ಕಾಲಿನ್ ಓದುತ್ತ ಓದುತ್ತ ನಿಂತರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಫೋನಿನಲ್ಲಿ ಒಂದು ಚಿತ್ರ ಹುಡುಕಿ ಎಲ್ಲರಿಗೂ ತೋರಿಸಿದರು. ಆಫ್ರಿಕದ ದೊಡ್ಡ ಜಿಂಕೆ, ಸುರುಳಿ ಸುರುಳಿ ಕೊಂಬು. ಅದರ ಹೆಸರೂ ಇಂಗ್ಲಿಷಿನಲ್ಲಿ ಅದೇ ನಾಲ್ಕು ಅಕ್ಷರವಂತೆ! "ಇಪ್ಪತ್ತು ಕಿಲೋ ಜಿಂಕೆಯನ್ನು ಬಿತ್ತುವುದು ಹೇಗೆ, ಹೇಳಿಕೊಡು" ಎಂದು ಕೇಳಿದರು. ಕ್ಲಾರ್ಕ್ ನಕ್ಕ, ಡ್ರೈವರ್ ನಕ್ಕ. ಪಪ್ಪನೂ ನಕ್ಕರು. "ಸಾರಿ ಸರ್, ಮಿಸ್ಟೇಕ್" ಎಂದರು.

ನನ್ನ ಮೈಯೆಲ್ಲ ಉರಿಯಿತು. ಮಿಸ್ಟೇಕ್ ಎಂತದು? ನಾನು ಇಂಗ್ಲಿಷಿನಲ್ಲೇ, "ಅದು ಬೀಜ, ನಾವದನ್ನು ತಿನ್ನುತ್ತೇವೆ" ಎಂದು ಶುರು ಮಾಡಿದೆ. ಪಪ್ಪ ನನ್ನ ಭುಜ ಹಿಡಿದು ಹೊರಗೆ ಕರೆತಂದರು.

"ನಗಲಿಕ್ಕೆ ಎಂತ ಉಂಟು ಪಪ್ಪ? ನೀವ್ಯಾಕೆ ಸಾರಿ ಹೇಳಿದ್ದು?"

"ನೀನು ಸುಮ್ಮನಿರು. ನನ್ನ ವೀಸಾ ಅವರ ಕೈಯಲ್ಲಿ ಉಂಟು."

ಲಿಸ್ಟಿನಿಂದ ಕುಡು ಮಾತ್ರವಲ್ಲ, ಸಜ್ಜೆಯೂ ಜೋಳವೂ ಹೋದವು. ಎಲ್ಲ ತಾಕಿಗೂ ಚೀಲದ ಮಿಶ್ರಣವೇ ಎಂದಾಯಿತು. ಒಂದು ವಾರ ನಾನು ಪಪ್ಪನ ಜೊತೆ ಸರಿಯಾಗಿ ಮಾತನಾಡಲಿಲ್ಲ. ಸಿಟ್ಟು ಕಾಲಿನ್ ಮೇಲೋ, ಪಪ್ಪನ ಮೇಲೋ, ಅಡಿಗೆರೆ ಎಳೆದ ನನ್ನ ಮೇಲೋ, ಈಗಲೂ ಸರಿಯಾಗಿ ಹೇಳಲಾರೆ.

ಮುಂದಿನ ಶುಕ್ರವಾರ ನನ್ನ ಸ್ಕೂಲ್ ಬ್ಯಾಗಿನಲ್ಲಿ ಅಮ್ಮನ ಕುಡು ಇತ್ತು. ದುಬೈಯ ಕರಾಮ ಪೇಟೆಗೆ ಹೋದಾಗ ಸಾರು ಮಾಡಲೆಂದು ತಂದಿಟ್ಟುಕೊಂಡದ್ದು, ಎರಡು ಕಿಲೋ, ಡಬ್ಬ ಬೋರಲು ಹಾಕಿ ಸುರಿದುಕೊಂಡಿದ್ದೆ. ಪಂಪ್ ಶೆಡ್ಡಿನ ಹಿಂದೆ ಯಾರಿಗೂ ಬೇಡದ ಒಂದು ಪಟ್ಟಿ ನೆಲವಿತ್ತು. ಕೋಲಿನಿಂದ ಗೆರೆ ಕೊರೆದು, ಕೂತು ಬಿತ್ತತೊಡಗಿದೆ. ಅರ್ಧ ಮುಗಿಯುವಾಗ ಪಪ್ಪನ ಬೂಟು ಕಂಡಿತು.

ಬೈಗುಳಕ್ಕೆ ಕಾದೆ. ಬರಲಿಲ್ಲ. ಪಪ್ಪ ಒಮ್ಮೆ ಆಫೀಸಿನ ಕಡೆ ನೋಡಿದರು. ಬೂಟು ಬಿಚ್ಚಿದರು. ಉಳಿದ ಅರ್ಧವನ್ನು ಅವರೇ ಬಿತ್ತಿದರು, ಬರಿಗಾಲಿನಿಂದ ಮಣ್ಣು ಎಳೆದು ಮುಚ್ಚುತ್ತ. ಮನೆಗೆ ಬಂದರೆ ಅಮ್ಮ ಖಾಲಿ ಡಬ್ಬ ಹಿಡಿದು ಬಾಗಿಲಲ್ಲೇ ನಿಂತಿದ್ದಳು. "ಅಪ್ಪ ಮಗಳಿಗೆ ಇಬ್ಬರಿಗೂ ಮಂಡೆ ಸರಿ ಉಂಟಾ?" ಎಂದು ಅಂದು ಶುರುವಾದ ಬೈಗುಳ ವಾರವಿಡೀ ನಡೆಯಿತು.

ಚೀಲದ ಬೀಜ ಮೊದಲು ಚೆನ್ನಾಗಿಯೇ ಬಂತು, ಸುಳ್ಳು ಹೇಳಬಾರದು. ಹಸಿರು ಜಮಖಾನೆ ಹಾಸಿದ ಹಾಗೆ. ಆಮೇಲೆ ಉಪ್ಪು ನೀರಿಗೆ ಎಲೆಗಳ ಅಂಚು ಸುಡತೊಡಗಿತು, ಡಿಸೆಂಬರ್ ಹೊತ್ತಿಗೆ ತಾಕುಗಳಲ್ಲಿ ಬೋಳು ಬೋಳು ಮಚ್ಚೆ. ಕುಡು ಹಾಗಲ್ಲ. ಮೊಂಡು ಬಳ್ಳಿ. ನೀರು ಕೊಟ್ಟರೂ ಸೈ, ಬಿಟ್ಟರೂ ಸೈ ಎಂದು ನೆಲಕ್ಕೆ ಅಂಟಿಕೊಂಡು ಹಬ್ಬಿತು. ಚಿಗರೆಗಳು ಉಳಿದದ್ದೆಲ್ಲ ಬಿಟ್ಟು ಪಂಪ್ ಶೆಡ್ಡಿನ ಹಿಂದೆಯೇ ಠಿಕಾಣಿ ಹೂಡಿದವು.

ಜನವರಿಯ ಒಂದು ಶುಕ್ರವಾರ ಅರ್ಬಾಬ್ ಅತಿಥಿಗಳ ಜೊತೆ ಬಂದರು. ಅಲ್ಲಿ ಗುಂಪುಗೂಡಿದ ಚಿಗರೆಗಳನ್ನು ನೋಡಿ ಕಾರು ನಿಲ್ಲಿಸಿದರು. ಇಳಿದು, ಒಂದು ಬಳ್ಳಿ ಕಿತ್ತು ಹಿಡಿದು, "ಇದೇನು? ಯಾರು ಹಾಕಿದ್ದು?" ಎಂದು ಅರಬಿಯಲ್ಲಿ ಕೇಳಿದರು. ಕಾಲಿನ್‌ಗೆ ಗೊತ್ತಿರಲಿಲ್ಲ. ಅವರು ಪಪ್ಪನ ಕಡೆ ತಿರುಗಿದರು. ತಾನಾಗಿ ಹುಟ್ಟಿದ ಕಳೆ ಎಂದುಬಿಟ್ಟರೆ ಪಪ್ಪ ಬಚಾವು, ನನಗದು ಗೊತ್ತಿತ್ತು.

"ನಾನು ಹಾಕಿದ್ದು" ಎಂದರು ಪಪ್ಪ. ಆಮೇಲೆ ಕಾಲಿನ್ ಮುಖ ನೋಡಿ ಇಂಗ್ಲಿಷಿನಲ್ಲಿ, "ಅವತ್ತು ಲಿಸ್ಟಿನಲ್ಲಿ ಬರೆದದ್ದು ಮಿಸ್ಟೇಕ್ ಅಲ್ಲ ಸರ್. ಇದೇ ಕುಡು" ಎಂದರು.

ಅರ್ಬಾಬ್ ಬಳ್ಳಿಯನ್ನು ತಿರುಗಿಸಿ ನೋಡಿ "ಝೇನ್" ಎಂದರು, ಚೆನ್ನಾಗಿದೆ ಎಂದು. ಕಾರು ಹತ್ತಿ ಹೋದರು. ಕಾಲಿನ್ ನಗಲಿಲ್ಲ. ನನಗೆ ಅವತ್ತು ಚಾಕೊಲೇಟೂ ಸಿಗಲಿಲ್ಲ.

ಮರುವರ್ಷ ತೋಟದವರು ಪಪ್ಪನ ವೀಸಾ ರಿನ್ಯೂ ಮಾಡಲಿಲ್ಲ. ಕಾರಣ ಯಾರೂ ಹೇಳಲಿಲ್ಲ, ಪಪ್ಪ ಕೇಳಲೂ ಇಲ್ಲ. "ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಮಗಾ" ಎನ್ನುತ್ತಾರೆ ಇವತ್ತಿಗೂ. ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಅಂಗಡಿಯೊಂದರಲ್ಲಿ ಸ್ಟೋರ್‌ಕೀಪರ್ ಕೆಲಸವೂ ಬೇರೆ ವೀಸಾವೂ ಸಿಕ್ಕಿದವು. ಮಣ್ಣು ಮುಟ್ಟುವ ಕೆಲಸ ಮತ್ತೆ ಸಿಗಲಿಲ್ಲ. ಅಮ್ಮ ಅಲ್ ಐನ್‌ನಲ್ಲಿ, ಪಪ್ಪ ಅಬುಧಾಬಿಯಲ್ಲಿ. ನಮ್ಮ ಮೇಜಿನ ಮೇಲೆ ಮತ್ತೆ ಬೀಜ ಮೊಳೆಯಲಿಲ್ಲ. ಶುಕ್ರವಾರಗಳು ಹೋದವು. ಬೆಳಗಿನ ಒದ್ದೆ ಮರಳಿನ ವಾಸನೆ ಹೋಯಿತು. ಒಂದೇ ಸೂರಿನಡಿ ಮೂವರು ಉಣ್ಣುತ್ತಿದ್ದ ದಿನಗಳೂ ಹೋದವು.

ಎರಡು ಕಿಲೋ ಕಾಳಿಗೆ ಇಷ್ಟೆಲ್ಲ ಕಳೆದುಕೊಳ್ಳಬೇಕಿತ್ತಾ ಎಂದು ಚಿಕ್ಕಪ್ಪಂದಿರು ಈಗಲೂ ಕೇಳುತ್ತಾರೆ. ಕೇಳಲಿ. ಒಮ್ಮೆ ಹೇಳಿದ "ಸಾರಿ"ಯನ್ನು ಪಪ್ಪ ಎಲ್ಲರೆದುರು ತಲೆಯೆತ್ತಿ ವಾಪಸು ತೆಗೆದುಕೊಂಡದ್ದನ್ನು ನಾನು ಹನ್ನೊಂದನೇ ವಯಸ್ಸಿನಲ್ಲಿ ಕಣ್ಣಾರೆ ನೋಡಿದ್ದೇನೆ. ಅದನ್ನು ನೋಡದೆ ಆ ತೋಟದಲ್ಲಿ ಇನ್ನೂ ಇಪ್ಪತ್ತು ವರ್ಷ ಸುಖವಾಗಿರುವುದು ನನಗೆ ಬೇಡ.